ಐವತ್ತು ವ್ಯಾಟ್‌ನಲ್ಲಿ ಸೋಬಾನೆ ಪದ

ಪಾವಗಡ, ಮಧುಗಿರಿ, ಬಾಗೇಪಲ್ಲಿ ಕಡೆ ಸಮುದಾಯ ಬಾನುಲಿ ಕೇಂದ್ರ ಹಾಕಬೇಕು ಅಂತ ವಿಚಾರಿಸೋರು ಟ್ರಾನ್ಸ್‌ಮಿಟರ್ ಬೆಲೆಯಿಂದಲೇ ಮಾತು ಶುರು ಮಾಡ್ತಾರೆ. ಅದರಲ್ಲಿ ಆರಿಸೋಕೆ ಹೆಚ್ಚೇನೂ ಇಲ್ಲ. ಆಂಟೆನಾದಿಂದ ಹೊರಡೋ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ದಾಟಬಾರದು, ಆಂಟೆನಾ ನೆಲದಿಂದ 30 ಮೀಟರ್ ದಾಟಬಾರದು ಅಂತ ನಿಯಮವೇ ಇದೆ. ಹಾಗಾಗಿ ಹೆಚ್ಚಿನವರು ಕೊಳ್ಳೋದು 50 ವ್ಯಾಟ್‌ನದ್ದು. ಹಳ್ಳಿಗೆ ಹಾಡು ಮುಟ್ಟುತ್ತೋ ಇಲ್ಲವೋ ಅನ್ನೋದು ತೀರ್ಮಾನ ಆಗೋದು ಆಂಟೆನಾ ಕಂಬ, ಅದಕ್ಕೆ ಹೋಗೋ ಕೇಬಲ್ಲು, ಮೈಕಿನಲ್ಲಿ.

ಎಫ್‌ಎಂ ಅಲೆ ಹೆಚ್ಚುಕಡಿಮೆ ಕಣ್ಣಿನ ನೋಟದ ಹಾಗೆ ನೇರ ಹೋಗುತ್ತೆ. ಬಯಲಲ್ಲಿ 12 ಕಿಲೋಮೀಟರ್ ಆಚೆಯ ಊರಲ್ಲಿ ಚೆನ್ನಾಗಿ ಕೇಳೋ ಕೇಂದ್ರ, ಬಂಡೆಬೆಟ್ಟದ ಬೆನ್ನಿಗಿರೋ 4 ಕಿಲೋಮೀಟರ್ ದೂರದ ಹಟ್ಟಿಯಲ್ಲಿ ಬರೀ ಗೊರಗೊರ ಅನ್ನಬಹುದು. ಅಲ್ಲಿಗೆ ವ್ಯಾಟ್ ಏರಿಸಿ ಪ್ರಯೋಜನ ಇಲ್ಲ, ಕಂಬದ ಜಾಗ ಬದಲಾಗಬೇಕು. ಬಯಲು ಸೀಮೆಯಲ್ಲಿ ಕಂಬದ ಎತ್ತರ ಎರಡರಷ್ಟಾದರೆ ದೂರದ ಸೆಟ್ಟಿಗೆ ಸಿಗೋ ಸಿಗ್ನಲ್ ಸುಮಾರು ನಾಲ್ಕರಷ್ಟಾಗುತ್ತೆ. ಅಂದರೆ 15 ಮೀಟರ್ ಕಂಬದ ಬದಲು 30 ಮೀಟರ್ ನಿಲ್ಲಿಸಿದರೆ 50 ವ್ಯಾಟ್ ಬದಲು 200 ವ್ಯಾಟ್ ಇಟ್ಟಷ್ಟೇ ಲಾಭ, ಅದೂ ಕರೆಂಟ್ ಬಿಲ್ ಏರದೆ.

ಕೇಬಲ್ಲಿನಲ್ಲಿ ಉಳಿಸಿದ ಕಾಸು ದಿನಾ ಸೋರುತ್ತೆ. ತೆಳುವಾದ ಆರ್‌ಜಿ-58 ಕೇಬಲ್ 30 ಮೀಟರ್ ಎಳೆದರೆ 50 ವ್ಯಾಟ್‌ನಲ್ಲಿ ಮೇಲೆ ಮುಟ್ಟೋದು 16-17 ವ್ಯಾಟ್, ಮಿಕ್ಕಿದ್ದು ತಂತಿ ಬಿಸಿ ಮಾಡೋಕೆ. ಆರ್‌ಜಿ-213 ಅನ್ನೋ ದಪ್ಪನೆಯದಾದರೆ 31ರ ಆಸುಪಾಸು. ಅರ್ಧ ಇಂಚಿನ ತಾಮ್ರದ ಹೊದಿಕೆ ಕೇಬಲ್ ಆದರೆ 42ಕ್ಕೂ ಮೇಲೆ. ಇನ್ನು ಕನೆಕ್ಟರಿನೊಳಗೆ ಮಳೆನೀರು ಇಳಿದರೆ ಒಳಗಿನ ಹೆಣಿಗೆ ಹಸಿರುಗಟ್ಟಿ, ಆಂಟೆನಾಗೆ ಹೋಗಬೇಕಾದ ಶಕ್ತಿ ವಾಪಸ್ ಬರುತ್ತೆ. ಹೀಗೆ ವಾಪಸ್ ಬರೋದನ್ನು ಅಳೆಯೋ ಎಸ್‌ಡಬ್ಲ್ಯುಆರ್ ಮೀಟರ್ 1.5 ತೋರಿಸಿದರೆ ನೂರಕ್ಕೆ 4 ಭಾಗ ವಾಪಸ್, ಚಿಂತೆ ಇಲ್ಲ. 2 ತೋರಿಸಿದರೆ 11 ಭಾಗ. 3 ಆದರೆ ಕಾಲು ಭಾಗ, ಒಳ್ಳೆಯ ಟ್ರಾನ್ಸ್‌ಮಿಟರ್ ಅಷ್ಟರಲ್ಲಿ ತಾನೇ ಶಕ್ತಿ ಇಳಿಸಿಕೊಳ್ಳುತ್ತೆ. ಕನೆಕ್ಟರಿಗೆ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಹೆಂಚು ಹೊದಿಸಿದ ಹಾಗೆ ಸುತ್ತಬೇಕು. ಕೇಬಲ್ ಗೋಡೆಯೊಳಗೆ ನುಗ್ಗೋ ಮೊದಲು ಕೆಳಗೆ ಜೋತುಬಿದ್ದ ಒಂದು ಬಳಸು ಇರಲಿ. ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತೆ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಅರ್ಥಿಂಗ್ ನೋಡಲೇಬೇಕು. ನಮ್ಮ ಕಡೆ ನೆಲ ಕಲ್ಲುಕಲ್ಲು, ಮಣ್ಣು ಒಣಗಿ ಬಿರುಕುಬಿಟ್ಟಿರುತ್ತೆ. ಒಂದೇ ಗುಂಡಿ ಸಾಲದು. ಎರಡೂವರೆ ಮೀಟರಿನ ಜಿಐ ಪೈಪಿನ ಮೂರು ಗುಂಡಿ, ಒಂದಕ್ಕೊಂದು ಕನಿಷ್ಠ ಅಷ್ಟೇ ದೂರ, ನಡುವೆ ಪಟ್ಟಿ ಎಳೆದು ಜೋಡಿಸಿ, ಬೇಸಿಗೆಯಲ್ಲಿ ವಾರಕ್ಕೆರಡು ಸಲ ಒಂದೊಂದಕ್ಕೂ ಎರಡು ಬಿಂದಿಗೆ ನೀರು. ಕಂಬದ ಅರ್ಥ್ ಮತ್ತು ಸ್ಟುಡಿಯೊ ಅರ್ಥ್ ಬೇರೆಬೇರೆ ಬಿಟ್ಟರೆ ಸಿಡಿಲಿನ ವೇಳೆ ಎರಡರ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಬಂದು ಮೈಕುಗಳ ದನಿ ಬೆರೆಸೋ ಮಿಕ್ಸರ್ ಸುಡುತ್ತೆ. ಎರಡನ್ನೂ ಸೇರಿಸಿ.

ಕರೆಂಟಿನ ಲೆಕ್ಕ ಸುಲಭ. ಟ್ರಾನ್ಸ್‌ಮಿಟರ್, ಕಂಪ್ಯೂಟರ್, ಮಿಕ್ಸರ್ ಸೇರಿ 300 ವ್ಯಾಟ್ ಅಂದುಕೊಂಡರೆ, 12 ವೋಲ್ಟ್, 150 ಎಎಚ್‌ನ (ಆಂಪಿಯರ್-ಅವರ್) ಒಂದು ಬ್ಯಾಟರಿ ಅರ್ಧ ಖಾಲಿಯಾಗೋ ಹೊತ್ತಿಗೆ ಎರಡೂವರೆ ಗಂಟೆ ಎಳೆಯುತ್ತೆ. ದಿನಾ ಪೂರ್ತಿ ಬರಿದು ಮಾಡಿದರೆ ಬೇಗ ಹೊಸದು ತರಬೇಕಾಗುತ್ತೆ.

ಇನ್ನು ಹಾಡು. ಹೆಚ್ಚು ಕೇಂದ್ರಗಳು ಎಡವೋದು ಇಲ್ಲೇ. ತತ್ವಪದದವರು ಏಕತಾರಿ, ದಮ್ಮಡಿ, ಕಂಚಿನ ತಾಳ ಹಿಡಿದು ಕೂರ್ತಾರೆ. ರೆಕಾರ್ಡರಿನಲ್ಲಿ ಎಲ್ಲ ಚೆನ್ನಾಗಿರುತ್ತೆ, ಗಾಳಿಗೆ ಬಿಟ್ಟರೆ ತಾಳ ಬಿದ್ದಾಗಲೆಲ್ಲ ಹಾಡುಗಾರರ ದನಿ ಕುಗ್ಗುತ್ತೆ. ಕಾರಣ ಇಷ್ಟು: ಎಫ್‌ಎಂನಲ್ಲಿ ಎತ್ತರದ ಸ್ವರಗಳನ್ನು ಕಳಿಸೋ ಮುಂಚೆ ಏರಿಸಿ, ಸೆಟ್ಟಿನಲ್ಲಿ ಅಷ್ಟೇ ಇಳಿಸ್ತಾರೆ. ನಮ್ಮ ದೇಶದ ಲೆಕ್ಕದಲ್ಲಿ 10 ಕಿಲೋಹರ್ಟ್ಸ್ ಹತ್ತಿರ ಈ ಏರಿಕೆ 10 ಡೆಸಿಬೆಲ್, ಅಂದರೆ ಶಕ್ತಿಯಲ್ಲಿ ಹತ್ತರಷ್ಟು, ದಾಟುತ್ತೆ. ತಾಳದ ಝಣ ಇರೋದು ಅಲ್ಲೇ. ಸದ್ದು ಮಿತಿ ಮೀರದ ಹಾಗೆ ತಡೆಯೋ ಲಿಮಿಟರ್ ಅದನ್ನು ಹಿಡಿದು ಅದುಮಿದಾಗ ಜೊತೆಗೆ ದನಿಯನ್ನೂ ಅದುಮುತ್ತೆ. ಮದ್ದು ಮಿಕ್ಸರಿನಲ್ಲಿಲ್ಲ, ಕೂರಿಸೋದರಲ್ಲಿದೆ. ತಾಳದವರನ್ನು ಮೈಕಿನಿಂದ ಎಂಟು ಅಡಿ ದೂರ, ಪಕ್ಕಕ್ಕೆ ಕೂರಿಸಿ. ಹಾಡೋರು ಒಂದೂವರೆ ಅಡಿಯಲ್ಲಿರಲಿ.

ಸೋಬಾನೆ ಹೆಂಗಸರಿಗೆ ತಲೆಗೊಂದು ಮೈಕ್ ಕೊಡಬೇಡಿ. ಒಬ್ಬರು ಹೇಳಿಕೊಟ್ಟು ಉಳಿದವರು ಸೊಲ್ಲು ಹಿಡಿಯೋ ಹಾಡಿಗೆ ಒಂದೇ ಮೈಕು, ಸುತ್ತ ಅರ್ಧ ಚಂದ್ರದ ಹಾಗೆ ಕೂತರೆ ಸಾಕು. ಆರ್‌ಸಿಸಿ ಮನೆಯ ಬರಿಗೋಡೆ ಗಂಯ್ ಅನ್ನುತ್ತೆ. ಹಿಂದೆ ಎರಡು ಕರಿಕಂಬಳಿ ನೇತುಹಾಕಿ, ಫ್ಯಾನ್ ಆರಿಸಿ, ಮೊಬೈಲ್ ಆಚೆ ಇಡಿಸಿ. ಸಾವಿರಾರು ರೂಪಾಯಿಯ ಫೋಮಿಗಿಂತ ಕಂಬಳಿ ಎಷ್ಟೋ ವಾಸಿ. ತಮಟೆ, ಅರೆ ಬಡಿಯೋರನ್ನು ಮಾತ್ರ ಬಯಲಲ್ಲೇ ರೆಕಾರ್ಡ್ ಮಾಡಬೇಕು, ಒಳಗೆ ಅದು ಬರೀ ಗದ್ದಲ.

ಕೋಲಾರದ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ 2003ರಲ್ಲಿ ಶುರುವಾದ ‘ನಮ್ಮ ಧ್ವನಿ’ಗೆ ಟವರ್ ಚಿಂತೆಯೇ ಇರಲಿಲ್ಲ. ಸ್ವಯಂಸೇವಾ ಸಂಸ್ಥೆಗಳಿಗೆ ಎಫ್‌ಎಂ ಲೈಸೆನ್ಸ್ ಕೊಡೋ ನೀತಿ ಬಂದದ್ದು 2006ರಲ್ಲಿ. ಅಲ್ಲಿವರೆಗೆ ಅವರು ಕೇಬಲ್ ಟಿವಿಯ ತಂತಿಯಲ್ಲೇ ಮನೆಮನೆಗೆ ಹಾಡು, ಮಾತು ಕಳಿಸಿದರು.

ಕೊನೆಗೆ, ಫೈಲಿಗೆ ‘ಹಾಡು 14’ ಅಂತ ಹೆಸರಿಟ್ಟು ಬಿಡಬೇಡಿ. ಊರು, ಹಾಡಿದವರು, ಭಾಷೆ (ಚಿಂತಾಮಣಿ, ಬಾಗೇಪಲ್ಲಿ ಕಡೆ ಅರ್ಧ ತೆಲುಗೇ ಇರುತ್ತೆ), ಯಾವ ಹೊತ್ತಿನ ಹಾಡು ಅನ್ನೋದು ಹೆಸರಿನಲ್ಲೇ ಬರಲಿ. ಸಾವಿನ ಮನೆಯಲ್ಲಿ ಹೇಳೋ ಪದವನ್ನು ಕಂಪ್ಯೂಟರ್ ತಾನಾಗಿ ಆರಿಸಿ ಮದುವೆ ತಿಂಗಳ ಬೆಳಗ್ಗೆ ಆರು ಗಂಟೆಗೆ ಹಾಕಿದರೆ, ಮೊದಲ ಫೋನು ಬರೋಕೆ ಐದು ನಿಮಿಷವೂ ಬೇಡ.