ಬೆಳ್ಳಿಯ ಅಂಗಾಲಿನ ಹುಣ್ಣು: ಈ ಮಳೆಗಾಲದ ಆರೈಕೆಯ ದಾಖಲೆ

ಆರಿದ್ರಾ ಮಳೆ

ಮೂಡಿಗೆರೆಯ ನಮ್ಮ ಮನೆಯ ಬಿಳಿ ಪೆಕಿನ್ ಬಾತುಕೋಳಿ ಬೆಳ್ಳಿ ಬಲಗಾಲನ್ನು ಊರಲು ಹಿಂಜರಿಯುತ್ತಿದೆ. ಮೇವು ತಿನ್ನುತ್ತದೆ, ಹಿಕ್ಕೆಯ ಬಣ್ಣವೂ ಸರಿಯಿದೆ. ಆದರೆ ಉಳಿದವು ತೋಟದ ಕೆರೆಯ ಕಡೆಗೆ ಹೊರಟಾಗ ಇದು ನಾಲ್ಕು ಹೆಜ್ಜೆ ನಡೆದು ಕುಳಿತುಬಿಡುತ್ತದೆ. ಹಕ್ಕಿಗಳು ತಮ್ಮ ಕಾಯಿಲೆಯನ್ನು ಆದಷ್ಟು ಕಾಲ ತೋರಗೊಡುವುದಿಲ್ಲವಾದ್ದರಿಂದ, ಮೇವು ಬಿಟ್ಟ ಮೇಲೆ ನೋಡೋಣ ಎಂದು ಕಾಯುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಡಿಗೆಯಲ್ಲಿ ವ್ಯತ್ಯಾಸ ಕಂಡ ದಿನವೇ ಹಿಡಿದು ಅಂಗಾಲು ನೋಡಬೇಕು.

ಅಮ್ಮ ಅದನ್ನು ಟವೆಲಿನಲ್ಲಿ ಸುತ್ತಿ, ತಲೆಯನ್ನು ತಮ್ಮ ತೋಳಿನ ಸಂದಿಗೆ ಬಿಟ್ಟುಕೊಂಡು ಹಿಡಿದರು. ಪಾದದ ನಡುವಿನ ಮೆತ್ತೆಯಲ್ಲಿ ಹುರುಳಿಕಾಳಿನ ಗಾತ್ರದ ಕಪ್ಪು ಹಕ್ಕಳೆ ಕಟ್ಟಿತ್ತು. ಸುತ್ತಲಿನ ಚರ್ಮ ಕೆಂಪಾಗಿ ಬಿಗಿದಿದ್ದು, ಎಡಪಾದಕ್ಕಿಂತ ಬಿಸಿಯಾಗಿತ್ತು. ಇದು ಬಂಬಲ್‌ಫುಟ್ ಎಂಬ ಸೋಂಕಿನ ಲಕ್ಷಣ. ಒರಟು ನೆಲದಲ್ಲಿ ಅಂಗಾಲು ಸವೆದು ಗೀರಾದಾಗ, ಹೆಚ್ಚಾಗಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಒಳಸೇರುತ್ತದೆ. ಪೆಕಿನ್ ತೂಕದ ತಳಿ. ನಮ್ಮವು ಓಡಾಡುವುದು ಕಾಫಿ ಒಣಗಿಸುವ ಸಿಮೆಂಟ್ ಕಣದ ಮೇಲೆ. ಮಳೆಯಲ್ಲಿ ನೆನೆದು ಮೆತ್ತಗಾದ ಚರ್ಮ ಅಲ್ಲಿ ಬೇಗ ಸವೆಯುತ್ತದೆ.

ಕುಂಟುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ. ಬೆಳೆಯುವ ಬಾತುಮರಿಗಳಿಗೆ ಕೋಳಿಮರಿಗಳಿಗಿಂತ ಹೆಚ್ಚು ನಯಾಸಿನ್ (ಒಂದು ಬಿ ವಿಟಮಿನ್), ಅಂದರೆ ಕಿಲೋ ಮೇವಿಗೆ ಸುಮಾರು 55 ಮಿಲಿಗ್ರಾಂ ಬೇಕು. ಅದು ಸಾಲದಿದ್ದರೆ ಕಾಲು ಬಾಗಿ ನಿಲ್ಲಲಾಗುವುದಿಲ್ಲ. ಬೆಳ್ಳಿ ಬೆಳೆದ ಹಕ್ಕಿ, ಕಾಲುಗಳು ನೆಟ್ಟಗಿವೆ. ನಿಂತ ಕೊಳಕು ನೀರಿನಿಂದ ಬರುವ ಬಾಟ್ಯುಲಿಸಂ ಎಂಬ ವಿಷಬಾಧೆಯಲ್ಲಿ ಕಾಲಿನ ಜೊತೆಗೆ ಕತ್ತೂ ಸೋತು ಜೋಲುತ್ತದೆ. ಇದರ ಕತ್ತು ಗಟ್ಟಿಯಾಗಿಯೇ ಇದೆ.

ಪುನರ್ವಸು ಮಳೆ

ಪಶುವೈದ್ಯರು ಸೋಂಕು ಮೂಳೆಗೆ ಇಳಿದಿಲ್ಲವೆಂದು ಹೇಳಿ ಔಷಧಿ ಬರೆದುಕೊಟ್ಟಿದ್ದಾರೆ. ಊತ ಗೆಣ್ಣಿನವರೆಗೆ ಏರಿದರೆ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಬೇಕೆಂದೂ ತಿಳಿಸಿದ್ದಾರೆ. ಆ್ಯಂಟಿಬಯೋಟಿಕ್ ನಡೆಯುತ್ತಿರುವಷ್ಟು ದಿನ, ಮುಗಿದ ಮೇಲೂ ವೈದ್ಯರು ಹೇಳಿದ ಅವಧಿಯವರೆಗೆ, ಇದರ ಮೊಟ್ಟೆಯನ್ನು ನಾವು ತಿನ್ನುವುದಿಲ್ಲ.

ದಿನವೂ ಸಂಜೆ ಎಪ್ಸಮ್ ಉಪ್ಪು ಕರಗಿಸಿದ ಉಗುರುಬೆಚ್ಚಗಿನ ನೀರಿನಲ್ಲಿ ಪಾದವನ್ನು ಹತ್ತು ಹದಿನೈದು ನಿಮಿಷ ನೆನೆಸಿ, ಒರೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ, ಗಾಜ್ ಬಟ್ಟೆಯಿಟ್ಟು ಕಟ್ಟುತ್ತೇವೆ. ಆ ನೀರನ್ನು ಕುಡಿಯಲು ಬಿಡಬಾರದು, ಅದು ಭೇದಿ ತರಿಸುತ್ತದೆ. ಹುಣ್ಣನ್ನು ಹಿಚುಕುವುದಂತೂ ಬೇಡವೇ ಬೇಡ: ಹಕ್ಕಿಗಳ ಕೀವು ನಮ್ಮದರಂತೆ ನೀರಾಗಿ ಹರಿಯದೆ ಪನೀರಿನಂತೆ ಗಟ್ಟಿಯಾಗಿರುತ್ತದೆ, ಹಿಚುಕಿದರೆ ಸೋಂಕು ಇನ್ನೂ ಆಳಕ್ಕೆ ಹೋಗುತ್ತದೆ.

ಹಾಸಿಗೆಯ ವಿಷಯ ಔಷಧಿಯಷ್ಟೇ ಮುಖ್ಯ. ಈ ಮಳೆಯಲ್ಲಿ ಬತ್ತದ ಹುಲ್ಲು ಎರಡು ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಬೂಸ್ಟಿನ ಕಣಗಳು ಉಸಿರಿನೊಂದಿಗೆ ಒಳಹೊಕ್ಕರೆ ಆಸ್ಪರ್ಜಿಲೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ಹಾಗಾಗಿ ದನದ ಕೊಟ್ಟಿಗೆಯ ರಬ್ಬರ್ ಮ್ಯಾಟಿನ ಮೇಲೆ ಹಳೆಯ ಹತ್ತಿ ಸೀರೆಗಳನ್ನು ಮಡಿಸಿ ಹಾಸಿ, ಒಗೆದದ್ದನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ, ದಿನವೂ ಬದಲಿಸುತ್ತಿದ್ದೇವೆ. ಬೂಸ್ಟು ಹಿಡಿದ ಜೋಳವನ್ನೂ ಮೇವಿನಿಂದ ಆರಿಸಿ ತೆಗೆಯುತ್ತೇನೆ, ಅದರಲ್ಲಿ ಉಂಟಾಗುವ ಅಫ್ಲಟಾಕ್ಸಿನ್ ಎಂಬ ವಿಷ ಬಾತುಕೋಳಿಯ ಯಕೃತ್ತಿಗೆ ಬಹಳ ಬೇಗ ಪೆಟ್ಟು ಕೊಡುತ್ತದೆ.

ಕೆರೆ ಸದ್ಯಕ್ಕೆ ಇಲ್ಲ. ಆದರೂ ಕಣ್ಣು, ಮೂಗು ತೊಳೆದುಕೊಳ್ಳಲು ತಲೆ ಮುಳುಗುವಷ್ಟು ಆಳದ ಬಕೆಟ್ ನೀರು ಇರಲೇಬೇಕು. ಜೊತೆಯಿಲ್ಲದೆ ಬೆಳ್ಳಿ ಕೂಗಿ ಕೂಗಿ ಸೊರಗುತ್ತಿದ್ದುದರಿಂದ, ಇನ್ನೊಂದು ಹೆಣ್ಣು ಬಾತನ್ನು ಬಲೆಯ ಆಚೆ ಬದಿಯಲ್ಲಿ ಇರಿಸಿದ್ದೇವೆ. ಅಂದಿನಿಂದ ಮೇವೂ ಚೆನ್ನಾಗಿ ಹೋಗುತ್ತಿದೆ.

ಆಶ್ಲೇಷಾ ಮಳೆ

ಹಕ್ಕಳೆಯ ಅಂಚು ತಾನಾಗಿ ಎದ್ದು, ನೆನೆಸುವಾಗ ಕಳಚಿತು. ಅಡಿಯಲ್ಲಿ ತಿಳಿಗುಲಾಬಿ ಬಣ್ಣದ ಹೊಸ ಚರ್ಮ ಕಾಣುತ್ತಿದೆ, ಬಿಸಿ ಇಳಿದಿದೆ. ಇನ್ನೂ ಸ್ವಲ್ಪ ಕುಂಟುತ್ತದೆ; ಚರ್ಮ ಗಟ್ಟಿಯಾಗುವವರೆಗೆ ಕಟ್ಟು ಬಿಚ್ಚುವುದಿಲ್ಲ.

ಕಣಕ್ಕೆ ಬಾತುಗಳು ಹೋಗದಂತೆ ಬಿದಿರಿನ ತಡಿಕೆ ಕಟ್ಟಿ, ಕೆರೆಗೆ ಹೋಗಲು ಹುಲ್ಲುನೆಲದ ಬೇರೊಂದು ದಾರಿ ಮಾಡುತ್ತಿದ್ದೇನೆ. ಉಳಿದ ಬಾತುಗಳ ಅಂಗಾಲುಗಳನ್ನೂ ವಾರಕ್ಕೊಮ್ಮೆ ನೋಡಿ ಬರೆದಿಡುತ್ತೇನೆ.