ದೋಣಿಯ ಮೂತಿಗೆ ಮೋಟಾರ್: ಬೋಲ್ಟ್ ಬಿಗಿದಾಯಿತು, ನೀರಿಗೂ ಇಳಿಸಿದೆವು

ಹನ್ನೆರಡು ಅಡಿಯ ಫೈಬರ್ ದೋಣಿಯ ಮೂತಿಗೆ ಬ್ಯಾಟರಿಯಿಂದ ನಡೆಯುವ, ದೋಣಿಯನ್ನು ಸದ್ದಿಲ್ಲದೆ ನಿಧಾನವಾಗಿ ಸಾಗಿಸುವ ಟ್ರೋಲಿಂಗ್ ಮೋಟಾರ್ ಕೂರಿಸುವ ಕೆಲಸ ಈಗ ಒಂದು ಘಟ್ಟಕ್ಕೆ ಬಂದಿದೆ. ಬ್ರಾಕೆಟ್ ಗಟ್ಟಿಯಾಗಿ ನಿಂತಿದೆ, ಕೇಬಲ್ ಎಳೆದಾಗಿದೆ, ಬಾಗಲಕೋಟೆಯ ಹಿನ್ನೀರಿನಲ್ಲಿ ಓಡಿಸಿ ನೋಡಿದ್ದೂ ಆಗಿದೆ. ಇದೇ ಕೆಲಸಕ್ಕೆ ಕೈ ಹಾಕಲಿರುವವರಿಗೆ ಮೊದಲೇ ಒಂದು ಮಾತು: ಯಾವ ಮೋಟಾರ್ ಕೊಳ್ಳಬೇಕೆಂದು ತಲೆ ಕೆಡಿಸಿಕೊಳ್ಳುವ ಮುನ್ನ ಡೆಕ್ಕಿನ, ಅಂದರೆ ದೋಣಿಯ ಮೇಲ್ಹಾಸಿನ, ಅಡಿಗೆ ಬಗ್ಗಿ ನೋಡಿ. ಮೋಟಾರ್ ಎಳೆಯುವ ಬಲವನ್ನೆಲ್ಲ ಹೊರುವುದು ಕಣ್ಣಿಗೆ ಬೀಳದ ಆ ಭಾಗವೇ.

ಹಿಂದೆ ಬಿಟ್ಟು ಮೂತಿಗೇ ಏಕೆ ಎಂದು ಹಲವರು ಕೇಳಿದರು. ಆಲಮಟ್ಟಿ ಜಲಾಶಯ 519.60 ಮೀಟರಿಗೆ ತುಂಬಿದಾಗ ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೆ ಒತ್ತಿ ಹಳೆಯ ಬಾಗಲಕೋಟೆಯ ಅಂಚನ್ನು ಮುಟ್ಟುತ್ತದೆ. ಅಷ್ಟು ವಿಸ್ತಾರದ ನೀರಿನ ಮೇಲೆ ಗಾಳಿಯನ್ನು ತಡೆಯಲು ಏನೂ ಇಲ್ಲ. ಮುಂಗಾರಿನ ಪಡುವಣ ಗಾಳಿ ಎದ್ದಿತೆಂದರೆ ಹಗುರವಾದ ದೋಣಿಯ ಮೂತಿಯನ್ನು ಪಕ್ಕಕ್ಕೆ ತಿರುಗಿಸಿಬಿಡುತ್ತದೆ. ಹಿಂದಿನಿಂದ ತಳ್ಳುವ ಮೋಟಾರಿನಲ್ಲಿ ಅದನ್ನು ಮತ್ತೆ ಮತ್ತೆ ಸರಿಪಡಿಸುತ್ತಲೇ ಇರಬೇಕು. ಮೂತಿಯಿಂದ ಎಳೆದರೆ ಉಳಿದ ದೋಣಿ ತಾನಾಗಿ ಹಿಂಬಾಲಿಸುತ್ತದೆ. ದಿಕ್ಕು ಬದಲಿಸಲು ಕಾಲ ಕೆಳಗಿನ ಪೆಡಲ್ ಸಾಕು, ಎರಡೂ ಕೈ ದುರ್ಬೀನಿಗೆ ಸಿಗುತ್ತವೆ. ನೀರು ಇಳಿದ ತಿಂಗಳುಗಳಲ್ಲಿ ಇಲ್ಲಿನ ಕೆಸರು ದಂಡೆಗಳಿಗೆ ಬರುವ ರಾಜಹಂಸಗಳನ್ನೂ ಪಟ್ಟೆತಲೆಯ ಹೆಬ್ಬಾತುಗಳನ್ನೂ ಸದ್ದಿಲ್ಲದೆ ದೂರದಿಂದ ನೋಡಬೇಕೆಂಬ ಆಸೆಯೇ ಈ ದೋಣಿಗೆ ಕಾರಣ.

ಮೋಟಾರಿನ ಬಲವನ್ನು ಪೌಂಡ್ ಥ್ರಸ್ಟ್ ಎಂದು ಅಳೆಯುತ್ತಾರೆ. ದೋಣಿ, ಜನ, ಸಾಮಾನು ಎಲ್ಲ ಸೇರಿದ ತೂಕದಲ್ಲಿ ಪ್ರತಿ 45 ಕಿಲೋಗೆ ಕನಿಷ್ಠ 2 ಪೌಂಡ್ ಎಂಬುದು ರೂಢಿಯ ಲೆಕ್ಕ. ನಮ್ಮದು ತುಂಬಿದಾಗ ಸುಮಾರು 350 ಕಿಲೋ, ಅಂದರೆ 16 ಪೌಂಡ್ ಸಾಕಾಗಬೇಕು. ಆದರೆ ಆ ಲೆಕ್ಕ ನಿಂತ ನೀರಿನದು. ಇಲ್ಲಿನ ಗಾಳಿಯನ್ನು ಬಲ್ಲವನಾಗಿ 12 ವೋಲ್ಟ್‌ನ 55 ಪೌಂಡ್ ಮೋಟಾರ್ ಆರಿಸಿದೆ. ದಂಡೆಗೆ ಎದುರುಗಾಳಿಯಲ್ಲಿ ಮರಳಬೇಕಾದಾಗ ಆ ಹೆಚ್ಚಿನ ಬಲವೇ ಕೈ ಹಿಡಿಯುತ್ತದೆ.

ಮೋಟಾರನ್ನು ನೀರಿಗಿಳಿಸುವ ದಂಡದ ಉದ್ದದ ವಿಷಯದಲ್ಲಂತೂ ಯಾರೂ ಕೈ ಬಿಗಿ ಹಿಡಿಯಬಾರದು. ಮೂತಿಯಲ್ಲಿ ಡೆಕ್ಕಿನಿಂದ ನೀರಿನ ಮಟ್ಟಕ್ಕೆ 18 ಇಂಚು. ಪ್ರೊಪೆಲ್ಲರ್ ಚೆನ್ನಾಗಿ ಮುಳುಗಿರಲು ಇನ್ನೊಂದು 20 ಇಂಚು. ಅಲೆ ಬಂದಾಗ ಮೊದಲು ಏಳುವುದು ಮೂತಿಯೇ. ಪ್ರೊಪೆಲ್ಲರ್ ಗಾಳಿ ನುಂಗಿತೆಂದರೆ ಮೋಟಾರ್ ಚೀರುತ್ತದೆ, ದೋಣಿ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ 45 ಇಂಚಿನ ದಂಡ ತರಿಸಿದೆ.

ಇನ್ನು ಡೆಕ್. ಹಳೆಯ ಫೈಬರ್ ದೋಣಿಗಳ ಡೆಕ್ಕಿನಲ್ಲಿ ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್ ಇರುವುದು ಸಾಮಾನ್ಯ. ಮೊದಲು ರಟ್ಟಿನಲ್ಲಿ ಬ್ರಾಕೆಟ್‌ನ ಆಕಾರ ಕತ್ತರಿಸಿ ಡೆಕ್ಕಿನ ಮೇಲಿಟ್ಟು, ಮೋಟಾರ್ ಇಳಿಸಿದಾಗ ದೋಣಿಯ ಅಂಚಿಗೆ ತಗಲದಂತೆ, ಮಡಚಿದಾಗ ಕಾಲಿಗೆ ಅಡ್ಡವಾಗದಂತೆ ಜಾಗ ನೋಡಿಕೊಂಡೆ. ನಟ್ಟನಡುವೆ ಇಡಬೇಕಾಗಿಲ್ಲ, ಸ್ವಲ್ಪ ಬದಿಗಿದ್ದರೂ ನಡೆಯುತ್ತದೆ. ತೂತು ಬೀಳಬೇಕಾದಲ್ಲಿ ಟೇಪ್ ಅಂಟಿಸಿ, ಮೇಲಿನ ನುಣುಪಾದ ಬಣ್ಣದ ಪದರ, ಅಂದರೆ ಜೆಲ್‌ಕೋಟ್, ಬಿರುಕು ಬಿಡದಿರಲೆಂದು ಡ್ರಿಲ್ಲನ್ನು ಮೊದಲು ಹಿಮ್ಮುಖವಾಗಿ ತಿರುಗಿಸಿ ಕುಳಿ ಮಾಡಿಕೊಂಡು, ಆಮೇಲೆ ಮುಂದಕ್ಕೆ ಬಿಟ್ಟೆ.

ಆ ಹೊತ್ತಿಗೆ ಡ್ರಿಲ್ ಬಿಟ್ಟಿನ ಸುತ್ತ ಏಳುವ ಪುಡಿಯನ್ನು ಗಮನವಿಟ್ಟು ನೋಡಬೇಕು. ಮೊದಲು ಜೆಲ್‌ಕೋಟ್‌ನ ಬಿಳಿ ಧೂಳು, ಅದರ ಹಿಂದೆಯೇ ಕೈಗೆ ಚುಚ್ಚುವ ಹಳದಿಮಿಶ್ರಿತ ಫೈಬರ್ ಪುಡಿ, ಆಮೇಲೆ ಮರ. ಬಲಗಡೆಯ ತೂತುಗಳಲ್ಲಿ ಬಂದದ್ದು ಜೋಳದ ಹಿಟ್ಟಿನಂತೆ ಒಣಗಿದ, ಬೆರಳಿನಿಂದ ಜಾರಿ ಬೀಳುವ ಪುಡಿ. ಎಡಗಡೆಯ ಒಂದು ತೂತಿನಲ್ಲಿ ಮಾತ್ರ ಕಪ್ಪು ಬಣ್ಣದ, ಬಿಟ್ಟಿಗೆ ಮೆತ್ತಿಕೊಳ್ಳುವ ಹಸಿ ಚೂರು ಬಂತು, ಮಣ್ಣಿನ ವಾಸನೆ. ಹಿಂದೆಂದೋ ಅಲ್ಲಿದ್ದ ಹಗ್ಗದ ಕೊಂಡಿಯ ಸ್ಕ್ರೂ ಮೂಲಕ ನೀರು ಇಳಿದು ಮರ ಕೊಳೆತಿತ್ತು. ಮೇಲಿನಿಂದ ತಟ್ಟಿದರೆ ಗೊತ್ತೇ ಆಗುತ್ತಿರಲಿಲ್ಲ. ಅಷ್ಟು ಭಾಗವನ್ನು ಕೆಳಗಿನಿಂದ ಕತ್ತರಿಸಿ ತೆಗೆದು, ಬಿಸಿಲಿಗೆ ಒಣಗಲು ಬಿಟ್ಟು, ಹೊಸ ಪ್ಲೈವುಡ್ ತುಂಡನ್ನು ಎಪಾಕ್ಸಿಯಲ್ಲಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು) ಕೂರಿಸಿದೆ.

ಕೊಳೆಯದ ತೂತುಗಳನ್ನೂ ಹಾಗೆಯೇ ಬಿಡಲಿಲ್ಲ. 6 ಮಿಲಿಮೀಟರ್ ಬೋಲ್ಟಿಗೆ 12 ಮಿಲಿಮೀಟರ್ ತೂತು ಕೊರೆದು, ಪೂರ್ತಿ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆದೆ. ಇದರಿಂದ ಬೋಲ್ಟಿನ ಸುತ್ತ ನೀರು ಇಳಿಯದಂತೆ ಹಚ್ಚುವ ಸೀಲಂಟ್ ಎಂದಾದರೂ ಸೋತರೂ ನೀರು ಮರವನ್ನು ಮುಟ್ಟುವುದಿಲ್ಲ, ಬೋಲ್ಟ್ ಬಿಗಿಯುವಾಗ ಡೆಕ್ ಒಳಗೆ ಕುಗ್ಗುವುದೂ ಇಲ್ಲ. ನಮ್ಮ ಬಾಗಲಕೋಟೆಯ ಬಿಸಿಲಿನಲ್ಲಿ ಎಪಾಕ್ಸಿ ಕಲಸುವವರು ಡಬ್ಬಿಯ ಮೇಲೆ ಬರೆದ ಸಮಯವನ್ನು ನಂಬಬಾರದು. ಆ ಸಮಯ ಸಾಮಾನ್ಯವಾಗಿ 25 ಡಿಗ್ರಿಗೆ ಹೇಳಿದ್ದು. ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಸುಕಿನಲ್ಲಿ ಎದ್ದು, ಬೇಕಾದಷ್ಟನ್ನೇ ಅಗಲವಾದ ತಟ್ಟೆಯಲ್ಲಿ ಕಲಸಿಕೊಂಡರೆ ನೆಮ್ಮದಿ.

ಅಡಿಯ ಆಧಾರಕ್ಕೆ 6 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪಟ್ಟಿ ಬೇಕಿತ್ತು. ಬೆಳಗಾವಿಯ ಉದ್ಯಮಬಾಗದಲ್ಲಿ ಅಂಥ ತುಂಡನ್ನು ಹೇಳಿದ ಅಳತೆಗೆ ಕತ್ತರಿಸಿಕೊಡುವ ವರ್ಕ್‌ಶಾಪ್‌ಗಳಿಗೆ ಬರವಿಲ್ಲ. ಮೂಲೆಗಳನ್ನು ದುಂಡಗೆ ಮಾಡಿಸಿಕೊಳ್ಳಿ. ಚೂಪು ಮೂಲೆ ಫೈಬರಿನೊಳಗೆ ಒತ್ತಿ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಬೋಲ್ಟ್ 316 ದರ್ಜೆಯ ಸ್ಟೇನ್‌ಲೆಸ್, ಅಗಲ ವಾಷರ್, ಅಲುಗಾಟಕ್ಕೆ ಸಡಿಲವಾಗದ ನೈಲಾಕ್ ನಟ್. ಸ್ಟೇನ್‌ಲೆಸ್ ಬೋಲ್ಟು ನಟ್ಟುಗಳ ತಿರುಪಿನ ಗೆರೆಗಳು ಬಿಗಿಯುವಾಗ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಆದ್ದರಿಂದ ಆಂಟಿಸೀಜ್ ಪೇಸ್ಟ್ ಸವರಿ ನಿಧಾನವಾಗಿ ತಿರುಗಿಸಬೇಕು.

ಮೂತಿಯ ಒಳಗೆ ನನ್ನ ಕೈ ಹೋಗುವಷ್ಟು ಜಾಗವಿರಲಿಲ್ಲ. ಅಕ್ಕನ ಮಗ ಹೊಟ್ಟೆಯ ಮೇಲೆ ಮಲಗಿ ಸಣ್ಣ ಕಿಂಡಿಯಲ್ಲಿ ತೋಳು ತೂರಿಸಿದ. "ಮಾಮಾ, ನೀವು ಮೇಲಿನದನ್ನು ಅಲುಗಾಡದಂತೆ ಹಿಡಿಯಿರಿ, ನಟ್ ನಾನು ತಿರುಗಿಸುತ್ತೇನೆ" ಎಂದ. ಅದೇ ಸರಿಯಾದ ಕ್ರಮ. ಬೋಲ್ಟಿನ ತಲೆ ತಿರುಗಿದರೆ ಅದರ ಸುತ್ತ ಹಚ್ಚಿದ ಪಾಲಿಯುರಿಥೇನ್ ಸೀಲಂಟ್ ಕಿತ್ತುಹೋಗುತ್ತದೆ. ನಾಲ್ಕೂ ಬದಿಯಿಂದ ಸೀಲಂಟ್ ಸಮವಾಗಿ ಉಕ್ಕಿ ಬಂದಾಗ ಸಂತೋಷವಾಯಿತು.

ಕೇಬಲ್ ವಿಷಯಕ್ಕೆ ಬರುತ್ತೇನೆ. ಮೂತಿಯಲ್ಲಿ ಮೋಟಾರಿನ ಭಾರ ಬಿದ್ದಿರುವುದರಿಂದ ಸಮತೋಲಕ್ಕಾಗಿ 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಹಿಂದಿನ ಸೀಟಿನ ಕೆಳಗಿಟ್ಟೆ. ಮನೆಯ ಇನ್ವರ್ಟರ್‌ನ ಟ್ಯೂಬುಲಾರ್ ಬ್ಯಾಟರಿಯನ್ನೇ ಇಡಬಾರದೇ ಎಂದು ಕೇಳಿದವರಿದ್ದಾರೆ. ಅದರ ತೂಕ ಒಬ್ಬ ಮನುಷ್ಯನಷ್ಟು, ಅಲುಗಾಟದಲ್ಲಿ ಆಮ್ಲ ಚೆಲ್ಲುವ ಭಯ ಬೇರೆ. ಬ್ಯಾಟರಿ ಹಿಂದಕ್ಕೆ ಹೋದದ್ದರಿಂದ ಕೇಬಲ್ ಉದ್ದವಾಯಿತು: ಹೋಗುವುದು ನಾಲ್ಕು ಮೀಟರ್, ಬರುವುದು ನಾಲ್ಕು. ಪೂರ್ತಿ ವೇಗದಲ್ಲಿ ಮೋಟಾರ್ 50 ಆಂಪಿಯರ್ ಎಳೆಯುತ್ತದೆ. 10 ಚದರ ಮಿಲಿಮೀಟರ್ ತಾಮ್ರದಲ್ಲಿ ಮುಕ್ಕಾಲು ವೋಲ್ಟ್ ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ, 25ರಲ್ಲಿ 0.3 ವೋಲ್ಟ್ ಮಾತ್ರ. 12 ವೋಲ್ಟ್‌ನ ವ್ಯವಸ್ಥೆಯಲ್ಲಿ ಈ ವ್ಯತ್ಯಾಸ ದೊಡ್ಡದು. ಹಾಗಾಗಿ ಸುಲಭವಾಗಿ ಬಾಗುವ 25 ಚದರ ಮಿಲಿಮೀಟರ್ ವೆಲ್ಡಿಂಗ್ ಕೇಬಲ್ ಎಳೆದು, ತುದಿಗಳಿಗೆ ಲಗ್ಗುಗಳನ್ನು (ಲೋಹದ ಕೊಂಡಿ) ಒತ್ತಿ ಕ್ರಿಂಪ್ ಮಾಡಿಸಿದೆ. ಬ್ಯಾಟರಿಯ ಪಕ್ಕದಲ್ಲೇ ವಿದ್ಯುತ್ ಮಿತಿ ಮೀರಿದರೆ ತಾನಾಗಿ ಕಡಿಯುವ 60 ಆಂಪಿಯರ್‌ನ ಡಿಸಿ ಬ್ರೇಕರ್ ಇದೆ. ಮನೆಗೆ ಹಾಕುವ ಎಸಿ ಎಂಸಿಬಿಯನ್ನು ದಯವಿಟ್ಟು ಇಲ್ಲಿ ಹಾಕಬೇಡಿ. ಡಿಸಿಯಲ್ಲಿ ಹುಟ್ಟಿದ ಕಿಡಿಯನ್ನು ಆರಿಸಲು ಅದನ್ನು ಮಾಡಿರುವುದಿಲ್ಲ.

ನೀರಿಗಿಳಿಸಿದಾಗ ಬ್ರಾಕೆಟ್ ಕೂದಲೆಳೆಯಷ್ಟೂ ಅಲುಗಲಿಲ್ಲ. ಗಾಳಿಯಿಲ್ಲದ ಬೆಳಗಿನಲ್ಲಿ ಮೊಬೈಲ್ ಗಂಟೆಗೆ ಸುಮಾರು 5 ಕಿಲೋಮೀಟರ್ ತೋರಿಸಿತು. ಅರ್ಧ ವೇಗಕ್ಕಿಂತ ಕೆಳಗೆ ಮೋಟಾರ್ ಎಳೆಯುವುದು 20 ಆಂಪಿಯರಿನ ಒಳಗೆ, ಆದ್ದರಿಂದ ಬ್ಯಾಟರಿಯಲ್ಲಿ ಐದನೇ ಒಂದು ಪಾಲು ಉಳಿಸಿಕೊಂಡರೂ ನಾಲ್ಕು ಗಂಟೆ ಧಾರಾಳವಾಗಿ ತಿರುಗಾಡಬಹುದು. ಹುಟ್ಟುಗಳು, ಲೈಫ್ ಜಾಕೆಟ್ ಯಾವಾಗಲೂ ಜೊತೆಗಿರುತ್ತವೆ.

ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಅಂಬಿಗರ ಹಿರಿಯರೊಬ್ಬರು ಎಚ್ಚರಿಸಿದರು: "ತಮ್ಮಾ, ಇಲ್ಲಿ ನೀರಿನಡಿ ಗೋಡೆಗಳಿವೆ, ಜಾಲಿಯ ಬೊಡ್ಡೆಗಳಿವೆ. ನೀರು ಇಳಿದ ಹಾಗೆ ಅವು ಮೇಲೆ ಬರುತ್ತವೆ, ಹೋದ ತಿಂಗಳ ದಾರಿ ಈ ತಿಂಗಳಿಗಿಲ್ಲ." "ಆಗಲಿ ಕಾಕಾ, ನೋಡಿಕೊಂಡೇ ಹೋಗುತ್ತೇವೆ" ಎಂದೆ. ಅವರ ಮಾತಿನಂತೆ, ಪ್ರೊಪೆಲ್ಲರ್ ಯಾವುದಕ್ಕಾದರೂ ಬಡಿದಾಗ ತಾನು ಮುರಿದು ಮೋಟಾರನ್ನು ಉಳಿಸುವ ಸಣ್ಣ ಪಿನ್ನುಗಳನ್ನು ಬಿಡಿಯಾಗಿ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದೇನೆ. ಇನ್ನೊಂದು ಅಪಾಯ ಹರಿದ ಬಲೆಗಳ ನೈಲಾನ್ ಎಳೆ. ಅದು ಪ್ರೊಪೆಲ್ಲರಿನ ಹಿಂದೆ ಸುತ್ತಿಕೊಂಡು ಸೀಲನ್ನು ಕೊಯ್ದರೆ ನೀರು ಮೋಟಾರಿನೊಳಗೆ ಸೇರುತ್ತದೆ. ಪ್ರತಿಸಲ ದಂಡೆಗೆ ಬಂದ ಮೇಲೆ ಪ್ರೊಪೆಲ್ಲರ್ ಬಿಚ್ಚಿ ನೋಡುವುದನ್ನು ರೂಢಿ ಮಾಡಿಕೊಂಡಿದ್ದೇವೆ.

ಸದ್ದಿಲ್ಲದ ಮೋಟಾರ್ ಇದೆಯೆಂದು ಹಕ್ಕಿಗಳ ಮೈಮೇಲೆ ಹೋಗುವ ಹಕ್ಕು ಬರುವುದಿಲ್ಲ. ಮೇಯುವ ರಾಜಹಂಸದ ತಲೆ ಕೆಳಗಿರುತ್ತದೆ. ಗುಂಪಿನಲ್ಲಿ ಒಂದೊಂದಾಗಿ ತಲೆಗಳು ಮೇಲೆದ್ದು ಎಲ್ಲವೂ ಒಂದೇ ದಿಕ್ಕಿಗೆ ಹೆಜ್ಜೆ ಹಾಕತೊಡಗಿದರೆ ನಾವು ಆಗಲೇ ಮಿತಿ ಮೀರಿದ್ದೇವೆ ಎಂದರ್ಥ. ಅಷ್ಟಾಗುವ ಮೊದಲೇ ಪೆಡಲ್ ತಿರುಗಿಸಿ ಹಿಂದೆ ಸರಿಯಬೇಕು.

ಮುಂದಿನ ಕೆಲಸ ಬಿಚ್ಚಿ ತೆಗೆಯುವ ಪ್ಲೇಟ್ ಹಾಕುವುದು. ಈಗ ಮೋಟಾರ್ ದೋಣಿಯ ಮೇಲೆಯೇ ಇರುವುದರಿಂದ ದಂಡೆಯಲ್ಲಿ ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಪ್ಲೇಟ್ ಡೆಕ್ಕಿಗೆ ಉಳಿದು ಮೋಟಾರ್ ಮಾತ್ರ ಮನೆಗೆ ಬರುವಂತಾಗಬೇಕು. ಈಗಿರುವ ತೂತುಗಳಿಗೇ ಹೊಂದುವಂತೆ ರಟ್ಟಿನಲ್ಲಿ ಅಳತೆ ತೆಗೆದಿಟ್ಟಿದ್ದೇನೆ.