ಹೆಸರು ಮುಚ್ಚಿ ಪೇಪರ್ ಓದುವುದು: ಹದಿನಾರನೇ ವಾರ

ಕಳೆದ ಸಲ ಬರೆದಾಗ ನಾಲ್ಕನೇ ವಾರ ನಡೆಯುತ್ತಿತ್ತು. ಆಮೇಲೆ ಮಗಳ ಪರೀಕ್ಷೆ, ಮನೆಗೆ ನೆಂಟರು, ನನ್ನ ಸೋಮಾರಿತನ ಎಲ್ಲ ಸೇರಿ ಬರೆಯುವುದು ನಿಂತೇಹೋಯಿತು. ಚೀಟಿ ಕೆಲಸ ಮಾತ್ರ ನಿಂತಿಲ್ಲ.

ಹೊಸಬರಿಗೆ ಚಿಕ್ಕದಾಗಿ ಹೇಳುತ್ತೇನೆ. ಭಾವನ ಜೊತೆ ಒಂದು ದಿನ ಊಟದ ಹೊತ್ತಲ್ಲಿ ಜಗಳ ಆಯಿತು. ಜಗಳ ಮುಗಿದ ಮೇಲೆ ಗೊತ್ತಾಯಿತು, ನಾನು ಆಡಿದ್ದು ಹಿಂದಿನ ರಾತ್ರಿ ಟಿವಿಯಲ್ಲಿ ನಮ್ಮ ಪಕ್ಷದವರು ಆಡಿದ್ದ ಮಾತು. ಒಂದು ಪದವೂ ಆಚೀಚೆ ಇಲ್ಲ. ಅವತ್ತಿಂದ ಈ ಆಟ ಶುರು. ಪಿಯುಸಿ ಓದುವ ಮಗಳು ಪೇಪರಿನಿಂದ ರಾಜಕೀಯದ ಸುದ್ದಿ ಒಂದನ್ನು ಕತ್ತರಿಸಿ, ಪಕ್ಷ ಮತ್ತು ನಾಯಕರ ಹೆಸರು ಮುಚ್ಚಿ ಕೊಡುತ್ತಾಳೆ. ಅದೇ ನಮ್ಮ ಚೀಟಿ. ನಾನು ನೋಟ್‌ಬುಕ್ಕಿನಲ್ಲಿ ಮೂರು ಕಾಲಮ್ ತುಂಬಬೇಕು. ಸರಿಯೋ ತಪ್ಪೋ, ಯಾಕೆ, ಹೆಸರು ನೋಡಿದ ಮೇಲೆ ಏನನ್ನಿಸಿತು. ಪೆನ್ನಲ್ಲೇ ಬರೆಯಬೇಕು, ಹೊಡೆದುಹಾಕುವ ಹಾಗಿಲ್ಲ.

ನನ್ನ ಪಕ್ಷ ಯಾವುದು ಅಂತ ಇಲ್ಲಿ ಹೇಳುವುದಿಲ್ಲ. ಹೇಳಿದರೆ ಉಳಿದದ್ದನ್ನು ನೀವು ಬೇರೆ ಥರ ಓದುತ್ತೀರಿ.

ಮೊದಲು ಸಾಮಾನಿನ ವಿಷಯ. ಕಪ್ಪು ಮಾರ್ಕರ್ ಕೈಕೊಟ್ಟಿತು. ಒಂದು ರಾತ್ರಿ ಚೀಟಿಯನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದಿದ್ದೆ. ಹೆಸರಿನ ಮೊದಲ ಅಕ್ಷರ ಕಾಣುತ್ತಾ ಅಂತ. ಹಿಂದಿನಿಂದ ಮಗಳು, "ಅಪ್ಪಾ, ಏನ್ ಮಾಡ್ತಿದ್ದೀಯ?" ಎಂದಳು. ನಲವತ್ತೆಂಟು ವರ್ಷದವನು ಕಾಪಿ ಹೊಡೆಯುತ್ತಾ ಸಿಕ್ಕಿಬಿದ್ದೆ. ಈಗ ಅವಳು ಸುದ್ದಿಯನ್ನು ತನ್ನ ಕೈಯಲ್ಲೇ ಬರೆದು ಕೊಡುತ್ತಾಳೆ. ಹೆಸರಿನ ಜಾಗದಲ್ಲಿ ಬರೀ ಗೆರೆ. ಹಳೇ ಸುದ್ದಿಯನ್ನೂ ಸೇರಿಸುತ್ತಾಳೆ, ಇಸವಿ ಹಾಕುವುದಿಲ್ಲ.

ಲೆಕ್ಕ ಹೀಗಿದೆ. ಇಲ್ಲಿಯವರೆಗೆ 47 ಚೀಟಿ. ಹೆಸರು ನೋಡಿದ ಮೇಲೆ ನನ್ನ ಅಭಿಪ್ರಾಯ ತಿರುಗಿದ್ದು 15 ಸಲ. ಹದಿನೈದೂ ಸಲ ತಿರುಗಿದ್ದು ನಮ್ಮ ಪಕ್ಷದ ಕಡೆಗೇ. ಒಂದಾದರೂ ಆ ಕಡೆ ಹೋಗಬಹುದಿತ್ತು, ಅಲ್ವಾ?

ಅದರಲ್ಲಿ ಮತಯಂತ್ರದ ಚೀಟಿ ನೆನಪಲ್ಲಿ ಉಳಿದಿದೆ. "ಚುನಾವಣೆಯಲ್ಲಿ ಸೋತ ಪಕ್ಷದ ದೊಡ್ಡ ನಾಯಕರು, ಯಂತ್ರ ಬೇಡ, ಮತಪತ್ರಕ್ಕೆ ವಾಪಸ್ ಹೋಗೋಣ ಎಂದಿದ್ದಾರೆ" ಅಂತ ಇತ್ತು. ಯಾರೆಂದು ನನಗೆ ಗ್ಯಾರಂಟಿ ಗೊತ್ತು ಅಂದುಕೊಂಡು ಎರಡನೇ ಕಾಲಮ್ಮಿನಲ್ಲಿ ಅರ್ಧ ಪುಟ ಜಾಡಿಸಿದೆ. ತೆರೆದರೆ 2009ರ ಸುದ್ದಿ, ಹೇಳಿದವರು ಬಿಜೆಪಿಯ ಅಡ್ವಾಣಿ. ಮಾರನೇ ಚೀಟಿಯಲ್ಲೂ ಅದೇ ಬೇಡಿಕೆ. ಅದು 2018ರ ಕಾಂಗ್ರೆಸ್ ಮಹಾಧಿವೇಶನದ ನಿರ್ಣಯ. ಯಂತ್ರ ಹೇಗೆ ಕೆಲಸ ಮಾಡುತ್ತದೆ, ಮತ ಯಾರಿಗೆ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಚೀಟಿಯನ್ನು ಹೇಗೆ ಎಣಿಸುತ್ತಾರೆ ಅಂತ ಆ ಅರ್ಧ ಪುಟದಲ್ಲಿ ಒಂದು ಸಾಲೂ ಇರಲಿಲ್ಲ. ಇದ್ದಿದ್ದೆಲ್ಲ ಸೋತವರ ಮೇಲಿನ ಬೈಗುಳ.

ಜಾಸ್ತಿ ದಿನ ತಿಂದದ್ದು ಮೂವತ್ತೊಂದನೇ ಚೀಟಿ. "ಬೇರೆ ಆದಾಯ ಜಾಸ್ತಿ ಇರುವವರು, ಬೇಸಾಯಗಾರರಲ್ಲದವರು ಕೃಷಿ ಜಮೀನು ಕೊಳ್ಳಬಾರದು ಎಂಬ ನಿಯಮವನ್ನು ತೆಗೆಯಬೇಕೇ?" ಇಲ್ಲಿ ನನಗೆ ಯೋಚನೆಯೇ ಬೇಕಿರಲಿಲ್ಲ. ನಮ್ಮದು ಸಾಗರದ ಕಡೆಯ ಗೇಣಿದಾರರ ಮನೆ. ಜಮೀನ್ದಾರರ ವಿರುದ್ಧ ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ಕತೆ ಕೇಳಿಕೊಂಡೇ ಬೆಳೆದವನು ನಾನು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, ಭೂಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಬಂದ ಮೇಲೆ ಅಜ್ಜ ಗೇಣಿ ಜಮೀನಿಗೆ ಡಿಕ್ಲರೇಷನ್ ಅರ್ಜಿ ಹಾಕಿ, ಎರಡು ಎಕರೆ ಗದ್ದೆ ನಮ್ಮದಾಯಿತು. ಹಾಗಾಗಿ ಮೊದಲ ಕಾಲಮ್ಮಿನಲ್ಲಿ "ತೆಗೆಯಬಾರದು". ಎರಡನೆಯದರಲ್ಲಿ "ಉಳುವವನೇ ಹೊಲದೊಡೆಯ". ಮಗಳು ಅದರ ಸುತ್ತ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ, "ಇದು ಘೋಷಣೆ. ಕಾರಣ ಎಲ್ಲಿ?" ಎಂದು ಬರೆದಿಟ್ಟಳು.

ಕಾರಣ ಹುಡುಕಲು ಹೋದರೆ ಒಂದೊಂದೇ ಎಳೆ ಬಿಚ್ಚಿಕೊಂಡಿತು. ಭೂಸುಧಾರಣಾ ಕಾಯ್ದೆಯ 79ಎ ಕಲಮು ಬೇರೆ ಆದಾಯ ಜಾಸ್ತಿ ಇರುವವರನ್ನು, 79ಬಿ ಬೇಸಾಯಗಾರರಲ್ಲದವರನ್ನು ತಡೆಯುತ್ತಿತ್ತು. 79ಎ ಆದಾಯ ಮಿತಿ 2015ಕ್ಕೆ ಮುಂಚೆ 2 ಲಕ್ಷ ಇತ್ತು. ಅದನ್ನು 2015ರಲ್ಲಿ 25 ಲಕ್ಷಕ್ಕೆ ಏರಿಸಿದ್ದು ಸಿದ್ದರಾಮಯ್ಯನವರ ಸರ್ಕಾರ. 2020ರಲ್ಲಿ 79ಎ, 79ಬಿ ಎರಡನ್ನೂ ತೆಗೆದದ್ದು ಯಡಿಯೂರಪ್ಪನವರ ಸರ್ಕಾರ. ಆಗ ಕಾಂಗ್ರೆಸ್ ವಿರೋಧಿಸಿತು. ಮೊದಲು ವಿರೋಧಿಸಿದ್ದ ಜೆಡಿಎಸ್ ಡಿಸೆಂಬರಿನಲ್ಲಿ ವಿಧಾನ ಪರಿಷತ್ತಿನಲ್ಲಿ ಬೆಂಬಲಕ್ಕೆ ನಿಂತಿತು. ಬಾಗಿಲನ್ನು ಒಬ್ಬರು ಅರ್ಧ ತೆರೆದರು, ಇನ್ನೊಬ್ಬರು ಬಾಗಿಲನ್ನೇ ಕಿತ್ತಿಟ್ಟರು, ಮತ್ತೊಬ್ಬರು ಬೈದು ಆಮೇಲೆ ಒಂದು ಕೈ ಹಾಕಿದರು. ಇದರಲ್ಲಿ ಯಾರ ಹಿಂದೆ ನಿಂತು ನಾನು ಘೋಷಣೆ ಕೂಗಲಿ?

ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಬೈಯುತ್ತಾರೆ ಅಂದುಕೊಂಡಿದ್ದೆ. "ಮಾರೋನು ಯಾರಿಗಾದ್ರೂ ಮಾರ್ಲಿ ಬಿಡೋ" ಎಂದರು. "ಊರಲ್ಲಿ ಕೊಳ್ಳೋನು ಒಬ್ಬನೇ ಅಂದ್ರೆ ಅವನು ಹೇಳಿದ್ದೇ ರೇಟು. ಮಗಳ ಮದುವೆಗೆ ಅಂತ ಗದ್ದೆ ಮಾರಕ್ಕೆ ಹೋದವನ ಪಾಡು ನಾನು ನೋಡಿದೀನಿ."

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಶುರು ಮಾಡಿದರು. "ಆದ್ರೆ ಕೊಂಡೋನು ಸುತ್ತ ಬೇಲಿ ಹಾಕಿ ಬೀಳು ಬಿಟ್ಟು, ಕೆಳಗಿನ ಗದ್ದೆಗೆ ಹೋಗೋ ನೀರಿನ ದಾರಿ ಮುಚ್ಚಿದ್ರೆ? ಅದನ್ನ ಕೇಳೋರು ಯಾರು? ಆ ಕಾನೂನು ಮಾಡ್ಲಿ ಮೊದಲು."

ಕೊಳ್ಳುವವನ ಆದಾಯ ಎಷ್ಟು ಅನ್ನುವುದಕ್ಕಿಂತ, ಕೊಂಡ ಮೇಲೆ ಜಮೀನಲ್ಲಿ ಏನು ಮಾಡುತ್ತಾನೆ ಅನ್ನುವುದೇ ದೊಡ್ಡ ಪ್ರಶ್ನೆ. ಹೀಗೆ ಬರೆದು ಮೂರನೇ ಕಾಲಮ್ ಮುಗಿಸಿದೆ. ನನ್ನ ಮೊದಲ ಉತ್ತರವೂ ಉಳಿಯಲಿಲ್ಲ, ಪಕ್ಷದ ಉತ್ತರವೂ ಅಲ್ಲ. ಹಾಗಂತ ಇಬ್ಬರ ಮಾತಿನ ನಡುವೆ ಗೆರೆ ಎಳೆದು ಕೂತದ್ದೂ ಅಲ್ಲ. ಮೊದಮೊದಲು ನಾನು ಸ್ವತಂತ್ರ ಬುದ್ಧಿ ಎಂದರೆ ಇಬ್ಬರಿಗೂ ಅರ್ಧರ್ಧ ಮಾರ್ಕು ಕೊಡುವುದು ಅಂದುಕೊಂಡಿದ್ದೆ. 12ರಿಂದ 20ರವರೆಗಿನ ಚೀಟಿಗಳೆಲ್ಲ ಆ ಥರ ಚಪ್ಪೆ ಉತ್ತರಗಳೇ. ಓದಲು ನನಗೇ ಬೇಜಾರು.

ಇನ್ನೊಂದು ವಿಷಯ ಹೊಳೆದದ್ದು ಪಕ್ಷಾಂತರ ನಿಷೇಧದ ಚೀಟಿ ಬಂದಾಗ. ಸಂವಿಧಾನದ 1985ರ 52ನೇ ತಿದ್ದುಪಡಿ, ಹತ್ತನೇ ಅನುಸೂಚಿ. ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ, ಮೀರಿ ಮತ ಹಾಕಿದರೆ ಶಾಸಕನ ಸೀಟು ಹೋಗಬಹುದು. ಅವನಿಗಾದರೂ ಕಳೆದುಕೊಳ್ಳಲು ಸೀಟಿದೆ. ನನಗೆ ಯಾರೂ ವಿಪ್ ಕೊಟ್ಟಿಲ್ಲ, ಆದರೂ ಇಷ್ಟು ವರ್ಷ ತಪ್ಪದೆ ಕೈ ಎತ್ತಿದ್ದೇನೆ.

ಕೆಲಸಕ್ಕೆ ಬಾರದ ಚೀಟಿಗಳೂ ಇವೆ. ಶಕ್ತಿ ಯೋಜನೆ, ಉಚಿತ ಅಕ್ಕಿ ಥರದ್ದು ಹೆಸರು ಮುಚ್ಚಿದರೂ ಕಿರುಚುತ್ತವೆ. ಅವನ್ನು ಬಿಟ್ಟಿದ್ದೇವೆ. ಬೀದಿಯ ಮೋರಿ, ಕಸದ ಗಾಡಿ ವಿಷಯದ ಆರು ಚೀಟಿಯಲ್ಲಿ ಒಂದೂ ತಿರುಗಲಿಲ್ಲ. ಮೋರಿ ವಾಸನೆ ಮೂಗಿಗೆ ಬರುವಾಗ ಪಕ್ಷ ನೆನಪಾಗುವುದಿಲ್ಲ.

ಮುಂದಿನ ವಾರದಿಂದ ಅಪ್ಪನಿಗೂ ಫೋನಿನಲ್ಲಿ ಚೀಟಿ ಓದುವುದು ಅಂತ ಆಗಿದೆ. ಅವರೇ ಕೇಳಿದ್ದು. ಭಾವನನ್ನೂ ಕರೆದೆ, ಇನ್ನೂ ಒಪ್ಪಿಲ್ಲ. 48ನೇ ಚೀಟಿ ಮೇಜಿನ ಮೇಲಿದೆ. ಎರಡನೇ ಕಾಲಮ್ ನಾಲ್ಕು ದಿನದಿಂದ ಖಾಲಿ.